ನಕ್ಷತ್ರಗಳ ಗಣತಿ ಬರೆದ ಮಹಿಳೆ: ಮಿಸ್ ಆನಿ ಜಂಪ್ ಕ್ಯಾನನ್‌ರವರ ಜೀವನ ಚರಿತ್ರೆ

ಮಗಳನ್ನು ಕಷ್ಟಪಟ್ಟು ಓದಿಸಿದ ತಂದೆತಾಯಿಗಳಿಗೆ ಒಂದು ಚಿಂತೆ ಆಗಾಗ್ಗೆ ಉಂಟಾಗುವುದುಂಟು. ಹುಡುಗಿಯು ಉತ್ತಮ ತರಗತಿಯಲ್ಲಿ ತೇರ್ಗಡೆಯಾಗಿ ಮನೆಗೆ ಬರುತ್ತಾಳೆ. ಬಳಿಕ ಕಾಯಿಲೆಯೋ, ಮನೆಯ ಹೊಣೆಯೋ, ಮತ್ತೊಂದು ಕಾರಣವೋ ಅಡ್ಡ ಬಂದು ವರ್ಷಗಳು ಉರುಳಿಹೋಗುತ್ತವೆ. ಕಲಿತ ವಿದ್ಯೆಯು ಪೆಟ್ಟಿಗೆಯಲ್ಲಿಟ್ಟ ಸೀರೆಯಂತೆ ಮಡಿಕೆಯಲ್ಲಿಯೇ ಉಳಿಯುತ್ತದೆ. ಇಷ್ಟು ವೆಚ್ಚಮಾಡಿ ಓದಿಸಿದುದು ವ್ಯರ್ಥವಾಯಿತೇ ಎಂದು ಹಿರಿಯರು ಕೇಳುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅನೇಕರು ತಮ್ಮನ್ನು ತಾವೇ ಹೀಗೆ ಕೇಳಿಕೊಂಡಿರಬಹುದು. ಈ ಪ್ರಶ್ನೆಗೆ ಉತ್ತರವಾಗಿ, ಅಮೆರಿಕಾ ದೇಶದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೇಧಶಾಲೆಯಲ್ಲಿ ನಲವತ್ತು ವರ್ಷಗಳಿಗೂ ಮಿಕ್ಕು ದುಡಿದ ಮಿಸ್ ಆನಿ ಜಂಪ್ ಕ್ಯಾನನ್‌ರವರ ಚರಿತ್ರೆಯನ್ನು ಈ ಸಂಚಿಕೆಯ ಓದುಗರ ಮುಂದಿಡಲು ಇಚ್ಛಿಸುತ್ತೇನೆ.

ಆನಿಯು 1863ನೆಯ ಇಸವಿ ಡಿಸೆಂಬರ್ 11ನೆಯ ತಾರೀಖಿನಲ್ಲಿ ಡೆಲವೇರ್ ಸಂಸ್ಥಾನದ ಡೋವರ್ ಎಂಬ ಪಟ್ಟಣದಲ್ಲಿ ಜನಿಸಿದಳು. ತಂದೆಯಾದ ವಿಲ್ಸನ್ ಕ್ಯಾನನ್‌ರವರು ಹಡಗು ಕಟ್ಟಿಸುವ ಉದ್ಯಮಿಗಳು. ತಮ್ಮ ಸಂಸ್ಥಾನದ ಶಾಸನಸಭೆಯಲ್ಲಿ ಸದಸ್ಯರಾಗಿಯೂ ಇದ್ದವರು. ತಾಯಿಯ ಹೆಸರು ಮೇರಿ ಜಂಪ್. ಈ ತಾಯಿಯೇ ಮಗಳಿಗೆ ನಕ್ಷತ್ರಶಾಸ್ತ್ರದ ಮೊದಲ ಗುರು. ಬಾಲ್ಯದಲ್ಲಿ ತಾನು ಕಲಿತಿದ್ದ ಒಂದು ಹಳೆಯ ಪುಸ್ತಕವನ್ನು ತೆಗೆದುಕೊಂಡು, ತಾಯಿಯು ಮಗಳೊಡನೆ ಮನೆಯ ಅಟ್ಟಕ್ಕೆ ಹತ್ತಿ, ಅಲ್ಲಿನ ಕಿಟಕಿಯಿಂದ ನಕ್ಷತ್ರಪುಂಜಗಳನ್ನು ಗುರುತಿಸುವುದನ್ನು ಕಲಿಸಿದಳು. ಮೋಂಬತ್ತಿಯ ಬೆಳಕಿನಲ್ಲಿ ಪುಸ್ತಕವನ್ನು ನೋಡುವುದು, ಬತ್ತಿಯನ್ನು ಮರೆಮಾಡಿ ಆಕಾಶವನ್ನು ನೋಡುವುದು, ಹೀಗೆ ಆ ಪಾಠವು ನಡೆಯುತ್ತಿತ್ತು. ಆ ಮನೆಯಲ್ಲಿ ತ್ರಿಕೋಣಾಕಾರದ ಗಾಜುಗಳು ತೂಗಾಡುವ ಒಂದು ದೀಪಸ್ತಂಭವಿತ್ತೆಂದೂ, ಬಿಸಿಲು ಅವುಗಳ ಮೂಲಕ ಹಾದು ಗೋಡೆಯ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಚೆಲ್ಲುವುದನ್ನು ಆನಿಯು ಬಹಳ ಹೊತ್ತು ನೋಡುತ್ತಿದ್ದಳೆಂದೂ ಹೇಳುತ್ತಾರೆ. ಗಾಜಿನಿಂದ ಬಿಡಿಬಿಡಿಯಾದ ಬೆಳಕೇ ಮುಂದೆ ಆಕೆಯ ಜೀವಮಾನದ ಕೆಲಸವಾಯಿತು.

ಡೋವರಿನಲ್ಲಿ ಮೆಥೊಡಿಸ್ಟ್ ಸಭೆಯವರು ನಡೆಸುತ್ತಿದ್ದ ವಿಲ್ಮಿಂಗ್ಟನ್ ಕಾನ್ಫರೆನ್ಸ್ ಅಕಾಡೆಮಿ ಎಂಬ ಪಾಠಶಾಲೆಯಲ್ಲಿ ಓದಿದ ಬಳಿಕ, 1880ರಲ್ಲಿ ಆನಿಯು ಮಸಾಚುಸೆಟ್ಸ್ ಸಂಸ್ಥಾನದ ವೆಲ್ಲೆಸ್ಲಿ ಕಾಲೇಜನ್ನು ಸೇರಿದಳು. ಹೆಣ್ಣುಮಕ್ಕಳಿಗಾಗಿಯೇ ಏರ್ಪಟ್ಟಿದ್ದ ಆ ಕಾಲೇಜು ಆಗ ಪ್ರಾರಂಭವಾಗಿ ಐದೇ ವರ್ಷಗಳಾಗಿದ್ದವು. ಅಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದವರು ಮಿಸ್ ಸಾರಾ ಫ್ರಾನ್ಸಸ್ ವೈಟಿಂಗ್ ಎಂಬ ಉಪಾಧ್ಯಾಯಿನಿ. ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡುವುದಲ್ಲದೆ ಸ್ವತಃ ಉಪಕರಣಗಳನ್ನು ಹಿಡಿದು ಪ್ರಯೋಗ ಮಾಡಬೇಕೆಂಬ ಪದ್ಧತಿಯನ್ನು ಬಾಸ್ಟನ್ನಿನ ಇಂಜಿನಿಯರಿಂಗ್ ವಿದ್ಯಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ ಎಂಬ ತರುಣ ಅಧ್ಯಾಪಕರು ಪ್ರಾರಂಭಿಸಿದ್ದರು. ಮಿಸ್ ವೈಟಿಂಗ್‌ರವರು ಆ ತರಗತಿಗಳಲ್ಲಿ ಕುಳಿತು ಕಲಿತುಬಂದು, 1878ರಲ್ಲಿ ವೆಲ್ಲೆಸ್ಲಿಯಲ್ಲಿಯೂ ಅಂಥದೇ ಪ್ರಯೋಗಶಾಲೆಯನ್ನು ತೆರೆದರು. ಬೆಳಕನ್ನು ಒಡೆದು ನೋಡುವ ವರ್ಣಪಟಲ ಶಾಸ್ತ್ರವನ್ನು ಆನಿಯು ಕಲಿತುದು ಇಲ್ಲಿಯೇ. ಒಬ್ಬ ಉಪಾಧ್ಯಾಯಿನಿಯು ತಾನು ಮೊದಲು ಶಿಷ್ಯಳಾಗಿ ಕುಳಿತು ಸಂಪಾದಿಸಿದ ವಿದ್ಯೆಯು ಎಷ್ಟು ದೂರ ಹರಿಯುತ್ತದೆಂಬುದಕ್ಕೆ ಇದು ನಿದರ್ಶನ. ಏಕೆಂದರೆ ಅದೇ ಪಿಕರಿಂಗ್‌ರವರು ಮುಂದೆ ಹಾರ್ವರ್ಡ್ ವೇಧಶಾಲೆಯ ಮುಖ್ಯಾಧಿಕಾರಿಗಳಾಗಿ ಆನಿಗೆ ಕೆಲಸ ಕೊಡುವವರಿದ್ದರು.

1884ರಲ್ಲಿ ಆನಿಯು ಪದವಿಯನ್ನು ಪಡೆದಳು. ಆದರೆ ಈ ಯೌವನಕಾಲದಲ್ಲಿಯೇ ಆಕೆಗೆ ಒಂದು ದೊಡ್ಡ ನಷ್ಟವು ಸಂಭವಿಸಿತು. ಸ್ಕಾರ್ಲೆಟ್ ಜ್ವರವೆಂಬ ವ್ಯಾಧಿಯ ಪರಿಣಾಮವಾಗಿ ಕಿವಿಯ ಶಕ್ತಿಯು ಬಹುಮಟ್ಟಿಗೆ ಹೋಯಿತೆಂದು ಚರಿತ್ರಕಾರರು ಹೇಳುತ್ತಾರೆ. ಸಂಗೀತದಲ್ಲಿ ಬಹಳ ಪ್ರೀತಿಯುಳ್ಳ ಹುಡುಗಿ, ನಾಲ್ಕು ಜನರೊಡನೆ ಮಾತನಾಡುವುದರಲ್ಲಿ ಸಂತೋಷಪಡುವ ಹುಡುಗಿ, ಇನ್ನು ಮುಂದೆ ಮಾತನ್ನು ತುಟಿಯ ಚಲನೆಯಿಂದಲೂ ಶ್ರವಣಯಂತ್ರದ ಸಹಾಯದಿಂದಲೂ ಗ್ರಹಿಸಬೇಕಾಯಿತು. ಪದವಿಯ ಬಳಿಕ ಆಕೆಯು ಡೋವರಿಗೆ ಹಿಂದಿರುಗಿ ಹತ್ತು ವರ್ಷ ತಂದೆತಾಯಿಗಳ ಮನೆಯಲ್ಲಿಯೇ ಇದ್ದಳು. ಆ ಕಾಲದ ಅಮೆರಿಕಾದಲ್ಲಿ ಓದಿದ ಹೆಣ್ಣಿಗೆ ಉಪಾಧ್ಯಾಯಿನಿಯ ಕೆಲಸವಲ್ಲದೆ ಬೇರೆ ಉದ್ಯೋಗಗಳು ಅಪರೂಪವಾಗಿದ್ದವು. ವಿಜ್ಞಾನದಲ್ಲಂತೂ ಕೆಲಸವೇ ಇರಲಿಲ್ಲವೆನ್ನಬಹುದು.

ಆ ಹತ್ತು ವರ್ಷಗಳು ಸಂಪೂರ್ಣವಾಗಿ ಬರಿದಾಗಿದ್ದವೆಂದು ಹೇಳಲಾಗದು. ಆನಿಯು ಛಾಯಾಚಿತ್ರ ತೆಗೆಯುವ ಕಲೆಯನ್ನು ಅಭ್ಯಾಸ ಮಾಡಿದಳು. ಕೈಯಲ್ಲಿ ಹಿಡಿಯುವ ಪೆಟ್ಟಿಗೆಯಂಥ ಕ್ಯಾಮೆರಾಗಳು ಆಗ ತಾನೇ ಬಳಕೆಗೆ ಬಂದಿದ್ದವು. 1892ರಲ್ಲಿ ಆಕೆ ಯೂರೋಪಿನಲ್ಲಿ ಸಂಚರಿಸಿ, ಸ್ಪೇನ್ ಮುಂತಾದ ದೇಶಗಳ ಚಿತ್ರಗಳನ್ನು ತೆಗೆದಳು. ಆ ಚಿತ್ರಗಳನ್ನೂ ಆಕೆಯ ಬರಹವನ್ನೂ ಕ್ಯಾಮೆರಾ ತಯಾರಿಸುವ ಒಂದು ಕಂಪೆನಿಯವರು ಪುಟ್ಟ ಪುಸ್ತಕವಾಗಿ ಅಚ್ಚುಮಾಡಿಸಿ, 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ ಹಂಚಿದರು. ಅಂದು ಹವ್ಯಾಸವಾಗಿದ್ದ ಈ ಗಾಜಿನ ತಟ್ಟೆಗಳ ವಿದ್ಯೆಯು, ಛಾಯಾಚಿತ್ರದ ಮೇಲೆಯೇ ನಿಂತಿದ್ದ ಹೊಸ ಖಗೋಲಶಾಸ್ತ್ರದಲ್ಲಿ ಆಕೆಗೆ ಬಹಳ ಉಪಯೋಗಕ್ಕೆ ಬಂದಿತು. 1894ರ ಸುಮಾರಿಗೆ ತಾಯಿಯು ತೀರಿಹೋಗಲು, ಆನಿಗೆ ಡೋವರಿನ ಮನೆಯು ಶೂನ್ಯವಾಗಿ ತೋರಿತು. ಮೂವತ್ತು ವಯಸ್ಸು ದಾಟಿದ ಆಕೆಯು ತನ್ನ ಹಳೆಯ ಉಪಾಧ್ಯಾಯಿನಿಗೆ ಪತ್ರ ಬರೆದು, ಏನಾದರೂ ಕೆಲಸವಿದೆಯೇ ಎಂದು ಕೇಳಿದಳು. ಮಿಸ್ ವೈಟಿಂಗ್‌ರವರು ಶಿಷ್ಯಳನ್ನು ಮರೆತಿರಲಿಲ್ಲ. ತಮ್ಮ ಸಹಾಯಕಳನ್ನಾಗಿ ಕರೆಸಿಕೊಂಡರು. ಅಲ್ಲಿಂದ ಆಕೆ ರಾಡ್‌ಕ್ಲಿಫ್ ಕಾಲೇಜಿನ ವಿಶೇಷ ವಿದ್ಯಾರ್ಥಿನಿಯಾಗಿ ಸೇರಿದಳು. ಹಾರ್ವರ್ಡ್ ವಿಶ್ವವಿದ್ಯಾನಿಲಯವು ಆಗ ಹೆಂಗಸರಿಗೆ ಪ್ರವೇಶ ಕೊಡುತ್ತಿರಲಿಲ್ಲವಾದರೂ, ಅದರ ಪಕ್ಕದಲ್ಲಿದ್ದ ರಾಡ್‌ಕ್ಲಿಫ್ ಕಾಲೇಜಿನ ಹೆಣ್ಣುಮಕ್ಕಳಿಗೆ ಹಾರ್ವರ್ಡಿನ ಅಧ್ಯಾಪಕರು ಬಂದು ಪಾಠ ಹೇಳುತ್ತಿದ್ದರು. ಈ ದಾರಿಯಿಂದ ಆನಿಗೆ ವೇಧಶಾಲೆಯ ದುರ್ಬೀನುಗಳ ಬಳಿಗೆ ಹೋಗುವ ಅವಕಾಶವು ದೊರೆಯಿತು. 1896ರಲ್ಲಿ ಪಿಕರಿಂಗ್‌ರವರು ಆಕೆಯನ್ನು ವೇಧಶಾಲೆಯ ಕೆಲಸಕ್ಕೆ ನೇಮಿಸಿಕೊಂಡರು.

ಇಲ್ಲಿ ಆ ವೇಧಶಾಲೆಯ ವಿಷಯವಾಗಿ ಸ್ವಲ್ಪ ಹೇಳುವುದು ಅವಶ್ಯಕ. ಹಾರ್ವರ್ಡ್ ಕಾಲೇಜಿನವರು 1839ರಲ್ಲಿ ಇದನ್ನು ಸ್ಥಾಪಿಸಿದರು. ಮೊದಲು ಇದ್ದ ಉಪಕರಣಗಳು ಅಲ್ಪವಾದವು. 1843ರಲ್ಲಿ ಒಂದು ಮಹಾ ಧೂಮಕೇತುವು ಕಾಣಿಸಿಕೊಂಡಾಗ ಬಾಸ್ಟನ್ ನಗರದ ಜನರಿಗೆ ಆಕಾಶದ ವಿಷಯದಲ್ಲಿ ಕುತೂಹಲವು ಕೆರಳಿ, ಚಂದಾ ಹಣ ಕೂಡಿಸಿ ಒಂದು ದೊಡ್ಡ ದುರ್ಬೀನನ್ನು ತರಿಸಬೇಕೆಂದು ನಿಶ್ಚಯಿಸಿದರು. ಜರ್ಮನಿಯ ಮ್ಯೂನಿಕ್ ನಗರದ ಕುಶಲಿಗರು ತಯಾರಿಸಿದ 15 ಅಂಗುಲ ಅಡ್ಡಳತೆಯ ಮಸೂರವುಳ್ಳ ಆ ದುರ್ಬೀನು 1847ರಲ್ಲಿ ಸಿದ್ಧವಾಯಿತು. ಇಪ್ಪತ್ತು ವರ್ಷಗಳ ಕಾಲ ಅಮೆರಿಕಾದಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. 1850ರಲ್ಲಿ ಈ ದುರ್ಬೀನಿನ ಮೂಲಕವೇ ಅಭಿಜಿತ್ ನಕ್ಷತ್ರದ ಛಾಯಾಚಿತ್ರವನ್ನು ತೆಗೆದರು. ಸೂರ್ಯನನ್ನು ಬಿಟ್ಟರೆ ಮಾನವನು ತೆಗೆದ ಮೊದಲ ನಕ್ಷತ್ರದ ಚಿತ್ರವು ಅದೇ.

1877ರಲ್ಲಿ ಪಿಕರಿಂಗ್‌ರವರು ಅಧಿಕಾರಕ್ಕೆ ಬಂದ ಮೇಲೆ ಛಾಯಾಚಿತ್ರವೇ ವೇಧಶಾಲೆಯ ಮುಖ್ಯ ಕೆಲಸವಾಯಿತು. ಮನುಷ್ಯನ ಕಣ್ಣು ಎಷ್ಟು ಹೊತ್ತು ನೋಡಿದರೂ ಮಂದವಾದ ನಕ್ಷತ್ರವು ಮಂದವಾಗಿಯೇ ಕಾಣುವುದು. ಗಾಜಿನ ತಟ್ಟೆಯಾದರೋ ಒಂದು ಗಂಟೆಯ ಕಾಲ ಬೆಳಕನ್ನು ಹನಿಹನಿಯಾಗಿ ಸಂಗ್ರಹಿಸಿ, ಕಣ್ಣಿಗೆ ಕಾಣದುದನ್ನೂ ತೋರಿಸಬಲ್ಲದು. ಮತ್ತು ಅದನ್ನು ಜೋಪಾನವಾಗಿಟ್ಟರೆ ನೂರು ವರ್ಷದ ಮೇಲೆಯೂ ನೋಡಬಹುದು. ದುರ್ಬೀನಿನ ಮುಂಭಾಗಕ್ಕೆ ತ್ರಿಕೋಣಾಕಾರದ ಗಾಜನ್ನು ಜೋಡಿಸಿದರೆ, ತಟ್ಟೆಯ ಮೇಲೆ ಪ್ರತಿಯೊಂದು ನಕ್ಷತ್ರವೂ ಚುಕ್ಕೆಯಾಗಿ ಮೂಡುವ ಬದಲು ಒಂದು ಸಣ್ಣ ಪಟ್ಟಿಯಾಗಿ ಮೂಡುತ್ತದೆ. ಆ ಪಟ್ಟಿಯೇ ವರ್ಣಪಟಲ. ಅದರ ಅಡ್ಡಲಾಗಿ ಕೂದಲೆಳೆಯಂಥ ಗೆರೆಗಳಿರುತ್ತವೆ. ಯಾವ ಗೆರೆಗಳಿವೆ, ಅವು ಎಷ್ಟು ದಪ್ಪವಾಗಿವೆ ಎಂಬುದರಿಂದ ನಕ್ಷತ್ರದ ಸ್ವಭಾವವನ್ನು ತಿಳಿಯಬಹುದು. ಒಂದೇ ತಟ್ಟೆಯಲ್ಲಿ ಇಂಥ ನೂರಾರು ಪಟ್ಟಿಗಳು ಏಕಕಾಲಕ್ಕೆ ದೊರೆಯುತ್ತಿದ್ದವು.

ಈ ಕಾರ್ಯಕ್ಕೆ ಬೇಕಾದ ದ್ರವ್ಯವನ್ನು ಹೆಚ್ಚಾಗಿ ಕೊಟ್ಟವರು ಹೆಂಗಸರೆಂಬುದು ಗಮನಾರ್ಹ. ನಕ್ಷತ್ರದ ವರ್ಣಪಟಲವನ್ನು 1872ರಲ್ಲಿ ಮೊದಲು ಛಾಯಾಚಿತ್ರದಲ್ಲಿ ಸೆರೆಹಿಡಿದ ಡಾಕ್ಟರ್ ಹೆನ್ರಿ ಡ್ರೇಪರ್‌ರವರು 1882ರಲ್ಲಿ ಅಕಾಲಮರಣಕ್ಕೆ ತುತ್ತಾಗಲು, ಅವರ ವಿಧವಾಪತ್ನಿ ಮಿಸೆಸ್ ಆನಾ ಪಾಮರ್ ಡ್ರೇಪರ್‌ರವರು ಪತಿಯ ಸ್ಮಾರಕವಾಗಿ ಈ ಕೆಲಸಕ್ಕೆ ಧಾರಾಳವಾಗಿ ಹಣವನ್ನು ಒದಗಿಸಿದರು. ಮಿಸ್ ಕ್ಯಾಥರೀನ್ ಬ್ರೂಸ್ ಎಂಬ ಮಹಿಳೆಯು ಐವತ್ತು ಸಾವಿರ ಡಾಲರುಗಳನ್ನು ದಾನಮಾಡಲು, 24 ಅಂಗುಲದ ಛಾಯಾಚಿತ್ರದ ದುರ್ಬೀನು ಸಿದ್ಧವಾಯಿತು. ಉತ್ತರ ದೇಶದಿಂದ ಕಾಣದ ದಕ್ಷಿಣಾಕಾಶವನ್ನು ಚಿತ್ರಿಸುವುದಕ್ಕಾಗಿ ದಕ್ಷಿಣ ಅಮೆರಿಕಾದ ಪೆರು ದೇಶದಲ್ಲಿ, ಅರೆಕೀಪಾ ಪಟ್ಟಣದ ಬಳಿ ಬೆಟ್ಟದ ಸೀಮೆಯಲ್ಲಿ, ಒಂದು ಶಾಖೆಯನ್ನು ತೆರೆದರು. ಅಲ್ಲಿ ತೆಗೆದ ಗಾಜಿನ ತಟ್ಟೆಗಳನ್ನು ಪೆಟ್ಟಿಗೆಗಳಲ್ಲಿ ಭದ್ರಪಡಿಸಿ ಹಡಗಿನಲ್ಲಿ ಬಾಸ್ಟನ್ನಿಗೆ ಕಳುಹಿಸುತ್ತಿದ್ದರು.

ಈ ತಟ್ಟೆಗಳನ್ನು ಓದುವವರಾರು? ಪಿಕರಿಂಗ್‌ರವರು ಈ ಕೆಲಸಕ್ಕೆ ಹೆಂಗಸರನ್ನು ನೇಮಿಸಿಕೊಂಡರು. ಅವರ ಆಡಳಿತದ ನಲವತ್ತೆರಡು ವರ್ಷಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಹೆಂಗಸರು ಅಲ್ಲಿ ದುಡಿದರು. ಅವರಲ್ಲಿ ಮೊದಲಿಗರೆನಿಸಿದ ಮಿಸೆಸ್ ವಿಲಿಯಮಿನಾ ಫ್ಲೆಮಿಂಗ್‌ರವರು ಸ್ಕಾಟ್ಲೆಂಡಿನ ಡಂಡೀ ಪಟ್ಟಣದವರು. ಗಂಡನು ಬಿಟ್ಟುಹೋದುದರಿಂದ ಪಿಕರಿಂಗ್‌ರವರ ಮನೆಯಲ್ಲಿ ಮನೆಗೆಲಸಕ್ಕೆ ಸೇರಿದವರು. 1881ರಲ್ಲಿ ವೇಧಶಾಲೆಗೆ ಬಂದು, ಹತ್ತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳನ್ನು ವರ್ಗೀಕರಿಸಿ, 1890ರಲ್ಲಿ ಪ್ರಕಟವಾದ ಮೊದಲ ಡ್ರೇಪರ್ ಪಟ್ಟಿಯನ್ನು ಸಿದ್ಧಗೊಳಿಸಿದರು. ಆದರೆ ವೇತನದ ವಿಷಯವನ್ನು ಮುಚ್ಚಿಡಬಾರದು. ಈ ಹೆಂಗಸರಿಗೆ ಗಂಟೆಗೆ 25ರಿಂದ 50 ಸೆಂಟುಗಳು ಮಾತ್ರ ದೊರೆಯುತ್ತಿದ್ದವು. ಅವರ ಮುಖ್ಯಸ್ಥೆಯಾಗಿದ್ದ ಮಿಸೆಸ್ ಫ್ಲೆಮಿಂಗ್‌ರವರಿಗೇ ವರ್ಷಕ್ಕೆ 1,500 ಡಾಲರುಗಳಿದ್ದರೆ, ಕೆಲವು ಪುರುಷ ಸಹಾಯಕರಿಗೆ 2,500 ಡಾಲರುಗಳಿದ್ದವು. ಮಗನ ವಿದ್ಯಾಭ್ಯಾಸದ ಭಾರವನ್ನು ಹೊತ್ತ ಆ ತಾಯಿಯು ತನ್ನ ದಿನಚರಿಯಲ್ಲಿ ಇದನ್ನು ನೊಂದು ಬರೆದಿಟ್ಟಿದ್ದಾರೆ. ಹೆಂಗಸರಿಗೆ ಬಾಗಿಲು ತೆರೆದ ಪಿಕರಿಂಗ್‌ರವರನ್ನು ಹೊಗಳುವುದು ನ್ಯಾಯ. ಅಗ್ಗವಾಗಿ ದೊರೆಯುತ್ತಾರೆಂಬ ಲೆಕ್ಕವೂ ಆ ಬಾಗಿಲನ್ನು ತೆರೆಯಿಸಿತೆಂದು ಹೇಳುವುದೂ ನ್ಯಾಯವೇ.

ಮಿಸ್ ಕ್ಯಾನನ್‌ರವರು ಬಂದಾಗ ವರ್ಗೀಕರಣದ ವಿಷಯದಲ್ಲಿ ಎರಡು ಮತಗಳಿದ್ದವು. ಮಿಸೆಸ್ ಫ್ಲೆಮಿಂಗ್‌ರವರು ಇಂಗ್ಲಿಷ್ ಅಕ್ಷರಮಾಲೆಯ ಎ ಮೊದಲ್ಗೊಂಡು ಹದಿನೈದಕ್ಕೂ ಹೆಚ್ಚು ಅಕ್ಷರಗಳಿಂದ ನಕ್ಷತ್ರಗಳನ್ನು ಗುರುತಿಸಿದ್ದರು. ಅದು ಸುಲಭವಾಗಿದ್ದರೂ ಸ್ಥೂಲವಾಗಿತ್ತು. ಹೆನ್ರಿ ಡ್ರೇಪರ್‌ರವರ ಸೋದರಸೊಸೆಯಾದ ಮಿಸ್ ಆಂಟೋನಿಯಾ ಮೌರಿಯವರು ಇಪ್ಪತ್ತೆರಡು ಗುಂಪುಗಳ ಅತಿ ಸೂಕ್ಷ್ಮವಾದ ಕ್ರಮವನ್ನು ರಚಿಸಿದ್ದರು. ಅದು ಪಾಂಡಿತ್ಯಪೂರ್ಣವಾಗಿದ್ದರೂ ಲಕ್ಷಾಂತರ ನಕ್ಷತ್ರಗಳಿಗೆ ಅನ್ವಯಿಸುವುದು ದುಸ್ಸಾಧ್ಯವಾಗಿತ್ತು. ಮಿಸ್ ಕ್ಯಾನನ್‌ರವರಿಗೆ ದಕ್ಷಿಣಾಕಾಶದ ಪ್ರಕಾಶಮಾನವಾದ ನಕ್ಷತ್ರಗಳ ಭಾಗವು ದೊರೆಯಿತು. ಅರೆಕೀಪಾದ 13 ಅಂಗುಲದ ದುರ್ಬೀನಿನಿಂದ ತೆಗೆದ ತಟ್ಟೆಗಳನ್ನು ಪರೀಕ್ಷಿಸಿ, 1,122 ನಕ್ಷತ್ರಗಳ ಪಟ್ಟಿಯನ್ನು 1901ರಲ್ಲಿ ಪ್ರಕಟಿಸಿದರು. ಇದರಲ್ಲಿ ಅವರು ಹಿಂದಿನವರ ಶ್ರಮವನ್ನು ತಳ್ಳಿಹಾಕದೆ, ಅಕ್ಷರಗಳಲ್ಲಿ ಬೇಡವಾದವನ್ನು ತೆಗೆದು, ಉಳಿದವನ್ನು ಗೆರೆಗಳು ಕ್ರಮೇಣ ಬದಲಾಗುವ ರೀತಿಯನ್ನನುಸರಿಸಿ ಹೊಸದಾಗಿ ಜೋಡಿಸಿದರು. ಓ, ಬಿ, ಎ, ಎಫ್, ಜಿ, ಕೆ, ಎಂ ಎಂಬುದೇ ಆ ಪ್ರಸಿದ್ಧವಾದ ಕ್ರಮ. ಒಂದೊಂದು ಅಕ್ಷರದ ನಡುವಿನ ಅಂತರವನ್ನು ಅಂಕೆಗಳಿಂದ ಹತ್ತು ಭಾಗಗಳಾಗಿ ಒಡೆದರು.

ನಮ್ಮ ಓದುಗರು ಈ ಕ್ರಮವನ್ನು ತಮ್ಮ ಅಂಗಳದಿಂದಲೇ ನೋಡಬಹುದು. ಚಳಿಗಾಲದ ರಾತ್ರಿಯಲ್ಲಿ ಮಹಾವ್ಯಾಧನ ನಡುಕಟ್ಟಿನಂತೆ ಸಾಲಾಗಿ ನಿಂತ ಮೂರು ನಕ್ಷತ್ರಗಳಲ್ಲಿ ಪೂರ್ವದ ತುದಿಯದು ಓ ವರ್ಗಕ್ಕೆ ಸೇರಿದುದು. ಚಿತ್ತಾ ನಕ್ಷತ್ರವು ಬಿ; ಎಲ್ಲಕ್ಕಿಂತಲೂ ಹೊಳೆಯುವ ಲುಬ್ಧಕವೂ ಮಳೆಗಾಲದ ಅಭಿಜಿತ್ತೂ ಎ; ನಮ್ಮ ಸೂರ್ಯನು ಜಿ; ಸ್ವಾತಿ ಮತ್ತು ರೋಹಿಣಿಗಳು ಕೆ; ಕೆಂಪಾಗಿ ತೋರುವ ಆರಿದ್ರೆಯೂ ಜ್ಯೇಷ್ಠೆಯೂ ಎಂ. ನೀಲಿಯಿಂದ ಬಿಳಿಗೆ, ಬಿಳಿಯಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಬಣ್ಣವು ಇಳಿಯುವುದನ್ನು ಬರಿಗಣ್ಣಿನಿಂದಲೇ ತಿಳಿಯಬಹುದು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಅತಿಯಾಗಿ ಕಾದಾಗ ಬಿಳುಪಾಗಿಯೂ ಆರುತ್ತ ಬಂದಂತೆ ಕೆಂಪಾಗಿಯೂ ಕಾಣುವುದಿಲ್ಲವೇ? ನಕ್ಷತ್ರಗಳ ವಿಷಯದಲ್ಲಿಯೂ ಹಾಗೆಯೇ. ಈ ಕ್ರಮವು ಉಷ್ಣತೆಯ ಇಳಿಕೆಯ ಕ್ರಮವೆಂಬುದನ್ನು ಭೌತಶಾಸ್ತ್ರದ ಆಧಾರದಿಂದ ವಿವರಿಸಿದವರು ನಮ್ಮ ದೇಶದವರೇ ಆದ ಡಾಕ್ಟರ್ ಮೇಘನಾದ ಸಹಾರವರು. 1920 ಮತ್ತು 1921ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತಕ್ಕೆ ಹಾರ್ವರ್ಡಿನ ಹೆಂಗಸರು ಅಣಿಗೊಳಿಸಿದ ವರ್ಗಗಳೇ ಸಾಮಗ್ರಿಯಾಗಿದ್ದವು.

1911ರಲ್ಲಿ ಮಿಸೆಸ್ ಫ್ಲೆಮಿಂಗ್‌ರವರು ಕಾಲವಾಗಲು, ಛಾಯಾಚಿತ್ರಗಳ ಮೇಲ್ವಿಚಾರಣೆಯು ಮಿಸ್ ಕ್ಯಾನನ್‌ರವರ ವಶಕ್ಕೆ ಬಂದಿತು. ಅದೇ ವರ್ಷ ಅವರು ತಮ್ಮ ಜೀವಮಾನದ ಮಹಾಕಾರ್ಯಕ್ಕೆ ಕೈಹಾಕಿದರು. ಇಡೀ ಆಕಾಶದಲ್ಲಿ ಒಂದು ನಿರ್ದಿಷ್ಟ ಮಿತಿಯವರೆಗೆ ಮಂದವಾದ ನಕ್ಷತ್ರಗಳನ್ನೂ ಸೇರಿಸಿ, ಒಂದೊಂದನ್ನೂ ಪರೀಕ್ಷಿಸಿ ವರ್ಗವನ್ನು ಗೊತ್ತುಮಾಡುವುದೇ ಆ ಕಾರ್ಯ. ಇಳಿಜಾರಾದ ಚೌಕಟ್ಟಿನ ಮೇಲೆ ಗಾಜಿನ ತಟ್ಟೆಯನ್ನಿಟ್ಟು, ಭೂತಗನ್ನಡಿಯಿಂದ ನೋಡುತ್ತ, ಅವರು ಒಂದೊಂದು ನಕ್ಷತ್ರದ ವರ್ಗವನ್ನೂ ಗಟ್ಟಿಯಾಗಿ ಹೇಳುವರು. ಪಕ್ಕದಲ್ಲಿದ್ದ ಸಹಾಯಕಿಯು ಬರೆದುಕೊಳ್ಳುವಳು. ನಕ್ಷತ್ರಗಳು ವಿರಳವಾಗಿದ್ದೆಡೆಯಲ್ಲಿ ನಿಮಿಷಕ್ಕೆ ಮೂರರಂತೆ ಹೇಳುವಷ್ಟು ಅವರಿಗೆ ಕಣ್ಣು ಪಳಗಿತ್ತು. ತಿಂಗಳಿಗೆ ಸುಮಾರು ಐದು ಸಾವಿರದಂತೆ ನಾಲ್ಕು ವರ್ಷಗಳಲ್ಲಿ, ಎಂದರೆ 1915ರೊಳಗೆ, 2,25,300 ನಕ್ಷತ್ರಗಳ ವರ್ಗೀಕರಣವು ಮುಗಿಯಿತು. ಅಚ್ಚಿಗೆ ಸಿದ್ಧಗೊಳಿಸುವುದಕ್ಕೆ ಮತ್ತಷ್ಟು ವರ್ಷಗಳು ಹಿಡಿದವು. ಹೆನ್ರಿ ಡ್ರೇಪರ್ ಪಟ್ಟಿಯೆಂಬ ಈ ಗ್ರಂಥವು 1918ರಿಂದ 1924ರವರೆಗೆ ಒಂಬತ್ತು ಸಂಪುಟಗಳಲ್ಲಿ ಹೊರಬಂದಿತು. ಹಣವನ್ನು ಒದಗಿಸಿದ ಮಿಸೆಸ್ ಡ್ರೇಪರ್‌ರವರು 1914ರಲ್ಲಿಯೇ ತೀರಿಹೋಗಿದ್ದರು. 1919ರಲ್ಲಿ ಪಿಕರಿಂಗ್‌ರವರೂ ಗತಿಸಿದರು. ಕಡೆಯ ಸಂಪುಟವು ಅಚ್ಚಾಗುವವರೆಗೂ ಮಿಸ್ ಕ್ಯಾನನ್‌ರವರು ಮಾತ್ರ ಮೇಜಿನ ಬಳಿಯಿಂದ ಏಳಲಿಲ್ಲ. ಆಮೇಲೆಯೂ ಇನ್ನೂ ಮಂದವಾದ ನಕ್ಷತ್ರಗಳನ್ನು ಕೈಗೆತ್ತಿಕೊಂಡು, ತಮ್ಮ ಜೀವಮಾನದಲ್ಲಿ ಒಟ್ಟು ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳನ್ನು ವರ್ಗೀಕರಿಸಿದರು. ಇದಲ್ಲದೆ, ಬೆಳಕು ಏರಿಳಿಯುವ ಸುಮಾರು ಮುನ್ನೂರು ನಕ್ಷತ್ರಗಳನ್ನೂ, ಹಠಾತ್ತಾಗಿ ಪ್ರಜ್ವಲಿಸಿದ ಐದು ನವತಾರೆಗಳನ್ನೂ ಕಂಡುಹಿಡಿದರು.

1922ರಲ್ಲಿ ಸರ್ವರಾಷ್ಟ್ರಗಳ ಖಗೋಲಶಾಸ್ತ್ರಜ್ಞರ ಒಕ್ಕೂಟವು ಅವರ ಕ್ರಮವನ್ನೇ ಸಮಸ್ತ ಜಗತ್ತಿನ ಕ್ರಮವನ್ನಾಗಿ ಅಂಗೀಕರಿಸಿತು. ಅದೇ ವರ್ಷ ಅವರು ಅರೆಕೀಪಾಕ್ಕೆ ಪ್ರಯಾಣಮಾಡಿ, ಇಪ್ಪತ್ತೈದು ವರ್ಷಗಳಿಂದ ಗಾಜಿನ ಮೇಲೆ ಮಾತ್ರ ಕಂಡಿದ್ದ ದಕ್ಷಿಣಾಕಾಶವನ್ನು ಅಲ್ಲಿಂದ ಕಣ್ಣಾರೆ ನೋಡಿದರು. 1925ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಅವರಿಗೆ ವಿಜ್ಞಾನದ ಗೌರವ ಡಾಕ್ಟರ್ ಪದವಿಯನ್ನು ನೀಡಿತು. ಆ ಗೌರವವನ್ನು ಪಡೆದ ಮೊದಲ ಮಹಿಳೆ ಅವರೇ. 1931ರಲ್ಲಿ ಅಮೆರಿಕಾದ ರಾಷ್ಟ್ರೀಯ ವಿಜ್ಞಾನ ಪರಿಷತ್ತು ಡ್ರೇಪರ್ ಪದಕವನ್ನು ಮೊದಲ ಬಾರಿಗೆ ಒಬ್ಬ ಮಹಿಳೆಗೆ, ಎಂದರೆ ಇವರಿಗೆ, ಕೊಟ್ಟಿತು.

ಇಷ್ಟೆಲ್ಲ ಕೀರ್ತಿಯ ನಡುವೆ ಒಂದು ವಿಷಯವು ನಮ್ಮ ಮನಸ್ಸನ್ನು ಚುಚ್ಚುತ್ತದೆ. ಪದಕವನ್ನು ಕೊಟ್ಟ ಆ ಪರಿಷತ್ತು ಅವರನ್ನು ಸದಸ್ಯರನ್ನಾಗಿ ಎಂದೂ ಚುನಾಯಿಸಲಿಲ್ಲ. ದೂರದ ದೇಶಗಳ ವಿದ್ಯಾಪೀಠಗಳು ಕರೆದು ಗೌರವಿಸುತ್ತಿದ್ದಾಗ, ಅವರು ದುಡಿಯುತ್ತಿದ್ದ ಸ್ವಂತ ವಿಶ್ವವಿದ್ಯಾನಿಲಯವು ತನ್ನ ಅಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರನ್ನು ಸೇರಿಸಿರಲಿಲ್ಲ. 1911ರಲ್ಲಿಯೇ ವೇಧಶಾಲೆಯ ಪರಿಶೀಲನಾ ಸಮಿತಿಯವರು ಇದನ್ನು ಸರಿಪಡಿಸಬೇಕೆಂದು ಸೂಚಿಸಿದ್ದರೂ, ಹೆಂಗಸಿಗೆ ಅಂಥ ನೇಮಕವನ್ನು ಕೊಡಲು ವಿಶ್ವವಿದ್ಯಾನಿಲಯದ ಅಧ್ಯಕ್ಷರು ಒಪ್ಪಲಿಲ್ಲ. ಕಡೆಗೆ 1938ರಲ್ಲಿ, ಅವರಿಗೆ ಎಪ್ಪತ್ತನಾಲ್ಕು ವಯಸ್ಸಾಗಿದ್ದಾಗ, ವೇಧಶಾಲೆಯ ಪ್ರಥಮ ಮುಖ್ಯಾಧಿಕಾರಿಯ ಹೆಸರಿನಲ್ಲಿದ್ದ ವಿಲಿಯಂ ಬಾಂಡ್ ಖಗೋಲಶಾಸ್ತ್ರಜ್ಞರೆಂಬ ಪದವಿಯು ದೊರೆಯಿತು. ಇಪ್ಪತ್ತೇಳು ವರ್ಷಗಳ ವಿಳಂಬ! ಈ ಅನ್ಯಾಯವನ್ನು ಅವರು ಅರಿಯದವರಲ್ಲ. ಹೆಂಗಸರ ಮತದಾನದ ಹಕ್ಕಿಗಾಗಿ ನಡೆದ ಚಳವಳಿಯ ಪಕ್ಷದಲ್ಲಿ ಅವರೂ ಸೇರಿದ್ದರು. ಆದರೆ ತಮಗೆ ಸಲ್ಲಬೇಕಾದುದು ಸಲ್ಲುವವರೆಗೆ ಕೆಲಸವನ್ನು ನಿಲ್ಲಿಸಿದ್ದರೆ ನಷ್ಟವಾಗುತ್ತಿದ್ದುದು ತಾವು ಪ್ರೀತಿಸಿದ ವಿದ್ಯೆಗೆ. ತಾಳ್ಮೆಯಿಂದ ದುಡಿಯುವವರಿಗೆ ನ್ಯಾಯವನ್ನು ತಡಮಾಡಬಹುದೆಂದು ಇದರಿಂದ ಯಾರೂ ಕಲಿಯಬಾರದು. ಹೆಣ್ಣುಮಕ್ಕಳಿಗೆ ಕೆಲಸ ಕೊಡುವ ಸ್ಥಾನದಲ್ಲಿರುವ ನಮ್ಮ ಪೋಷಕರು ಇದನ್ನು ವಿಶೇಷವಾಗಿ ಯೋಚಿಸಬೇಕೆಂದು ಬೇಡುತ್ತೇನೆ.

ಮಿಸ್ ಕ್ಯಾನನ್‌ರವರು ಈ ಅನ್ಯಾಯಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು. 1932ರಲ್ಲಿ ಅವರಿಗೆ ಎಲೆನ್ ರಿಚರ್ಡ್ಸ್ ಪಾರಿತೋಷಕವು ಸಾವಿರ ಡಾಲರುಗಳೊಡನೆ ದೊರೆತಾಗ, ಆ ಹಣವನ್ನು ತಮಗಾಗಿ ಇಟ್ಟುಕೊಳ್ಳದೆ ಅಮೆರಿಕಾದ ಖಗೋಲಶಾಸ್ತ್ರ ಸಂಘಕ್ಕೆ ಒಪ್ಪಿಸಿ, ಖಗೋಲಶಾಸ್ತ್ರದಲ್ಲಿ ಕೆಲಸ ಮಾಡುವ ಹೆಂಗಸರಿಗೆ ಬಹುಮಾನವನ್ನು ಕೊಡುವ ಏರ್ಪಾಡನ್ನು ಮಾಡಿದರು. 1934ರಲ್ಲಿ ಮೊದಲ ಬಹುಮಾನವನ್ನು ಪಡೆದವರು ಇಂಗ್ಲೆಂಡಿನಿಂದ ಬಂದು ಹಾರ್ವರ್ಡ್ ವೇಧಶಾಲೆಯನ್ನು ಸೇರಿದ್ದ ಮಿಸೆಸ್ ಸೆಸಿಲಿಯಾ ಪೇನ್ ಗಪೋಷ್ಕಿನ್‌ರವರು. ಮಿಸ್ ಕ್ಯಾನನ್‌ರವರು ವರ್ಗೀಕರಿಸಿದ ತಟ್ಟೆಗಳನ್ನೂ ಸಹಾರವರ ಸಿದ್ಧಾಂತವನ್ನೂ ಆಧಾರ ಮಾಡಿಕೊಂಡು, ನಕ್ಷತ್ರಗಳು ಬಹುಮಟ್ಟಿಗೆ ಜಲಜನಕದಿಂದಲೇ ಆದುವೆಂದು 1925ರಲ್ಲಿ ತೋರಿಸಿದ ವಿದುಷಿ ಇವರೇ. 1956ರಲ್ಲಿ ಇವರು ಹಾರ್ವರ್ಡಿನಲ್ಲಿ ಪೂರ್ಣ ಪ್ರಾಧ್ಯಾಪಕರಾಗಿ, ಖಗೋಲಶಾಸ್ತ್ರ ವಿಭಾಗದ ಮುಖ್ಯಸ್ಥೆಯೂ ಆದರು. ಹಿರಿಯಳಿಗೆ ಮುಚ್ಚಿದ್ದ ಬಾಗಿಲನ್ನು ಕಿರಿಯಳು ಹೀಗೆ ದಾಟಿದಳು. ಆನಿ ಕ್ಯಾನನ್ ಬಹುಮಾನವು ಇಂದಿಗೂ ತರುಣ ವಿಜ್ಞಾನಿನಿಯರಿಗೆ ಸಲ್ಲುತ್ತಿದೆ.

ಕೇಂಬ್ರಿಜ್ ಪಟ್ಟಣದಲ್ಲಿದ್ದ ತಮ್ಮ ಮನೆಗೆ ಅವರು ನಕ್ಷತ್ರ ಕುಟೀರವೆಂಬ ಅರ್ಥ ಬರುವ ಹೆಸರನ್ನಿಟ್ಟಿದ್ದರು. ಕಿವಿ ಕೇಳದವರು ಏಕಾಂತವಾಸಿಗಳಾಗಿ ಮುನಿಸಿನಲ್ಲಿರುತ್ತಾರೆಂದು ಜನರು ಭಾವಿಸುವುದುಂಟು. ಅವರಾದರೋ ಅತಿಥಿಗಳನ್ನು ಕರೆದು ಸತ್ಕರಿಸುವುದರಲ್ಲಿಯೂ ನೆರೆಯ ಮಕ್ಕಳನ್ನು ಕೂಡಿಸಿ ಸಂತೋಷಪಡಿಸುವುದರಲ್ಲಿಯೂ ಹೆಸರಾದವರು. 1940ರಲ್ಲಿ ಕೆಲಸದಿಂದ ನಿವೃತ್ತರಾದ ಮೇಲೆಯೂ ವೇಧಶಾಲೆಗೆ ಬರುವುದನ್ನು ಬಿಡಲಿಲ್ಲ. 1941ನೆಯ ಇಸವಿ ಏಪ್ರಿಲ್ 13ನೆಯ ತಾರೀಖಿನಲ್ಲಿ, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ದಿವಂಗತರಾದರು. ಚಂದ್ರನ ಮೇಲಣ ಒಂದು ಕುಳಿಗೆ ಅವರ ಹೆಸರನ್ನಿಟ್ಟಿದ್ದಾರೆ.

ಅವರ ಕೆಲಸವು ಹಳೆಯದಾಗಿ ಮೂಲೆ ಸೇರಿತೇ? ಇಲ್ಲ. ಇಂದಿನ ವಿಜ್ಞಾನಿಗಳು ಹೊಸದಾಗಿ ಕಂಡ ತಂಪಾದ ಕಾಯಗಳಿಗಾಗಿ ಅವರ ಏಳು ಅಕ್ಷರಗಳ ಕೊನೆಗೆ ಬೇರೆ ಅಕ್ಷರಗಳನ್ನು ಸೇರಿಸಿದ್ದಾರೆಯೇ ಹೊರತು, ಮೂಲಕ್ರಮವನ್ನು ಬದಲಿಸಿಲ್ಲ. ದೂರದ ನಕ್ಷತ್ರವೊಂದರ ಮುಂದೆ ಅದರ ಗ್ರಹವು ಹಾದುಹೋಗುವುದನ್ನು 1999ರಲ್ಲಿ ಮೊದಲ ಬಾರಿಗೆ ಕಂಡರಷ್ಟೆ. ಆ ನಕ್ಷತ್ರದ ಹೆಸರು ಎಚ್‌ಡಿ 209458. ಎಚ್‌ಡಿ ಎಂದರೆ ಹೆನ್ರಿ ಡ್ರೇಪರ್. ಆ ಅಂಕೆಯು ಮಿಸ್ ಕ್ಯಾನನ್‌ರವರ ಪಟ್ಟಿಯಲ್ಲಿನ ಸಾಲಿನ ಅಂಕೆ. ವೇಧಶಾಲೆಯಲ್ಲಿ ಶೇಖರವಾದ ಸುಮಾರು ಐದು ಲಕ್ಷ ಗಾಜಿನ ತಟ್ಟೆಗಳಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕವುಗಳ ಪ್ರತಿಬಿಂಬಗಳನ್ನು ಕಂಪ್ಯೂಟರಿನಲ್ಲಿ ದಾಖಲಿಸಿದ್ದಾರೆ. ನಮ್ಮ ನಾಡಿಗೂ ಆ ವೇಧಶಾಲೆಯ ಋಣವುಂಟು. ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಡಾಕ್ಟರ್ ವೇಣು ಬಾಪುರವರು 1949ರಲ್ಲಿ ಹಾರ್ವರ್ಡಿಗೆ ಹೋಗಿ, ಅಲ್ಲಿಯೇ ಖಗೋಲಶಾಸ್ತ್ರವನ್ನು ಅಭ್ಯಾಸ ಮಾಡಿ ಬಂದವರು.

ಮಿಸ್ ಕ್ಯಾನನ್‌ರವರ ಜೀವನದಲ್ಲಿ ಅದ್ಭುತಗಳನ್ನು ಹುಡುಕುವವರಿಗೆ ಹೆಚ್ಚೇನೂ ದೊರೆಯದು. ಒಬ್ಬ ತಾಯಿಯು ಅಟ್ಟದ ಮೇಲೆ ಮಗಳಿಗೆ ಕಲಿಸಿದುದು, ಒಬ್ಬ ಉಪಾಧ್ಯಾಯಿನಿಯು ಹತ್ತು ವರ್ಷದ ಬಳಿಕ ಬಂದ ಪತ್ರಕ್ಕೆ ಬಾ ಎಂದು ಕರೆದುದು, ಒಬ್ಬ ವಿಧವೆಯು ತನ್ನ ಹಣವನ್ನು ವಿದ್ಯೆಗಾಗಿ ತೆತ್ತುದು, ಮತ್ತು ಕಿವಿ ಕೇಳದ ಒಬ್ಬ ಹೆಂಗಸು ದಿನದಿನವೂ ಅದೇ ಮೇಜಿನ ಬಳಿ ಕುಳಿತು ಮುಂದಿನ ನಕ್ಷತ್ರವನ್ನು ನೋಡಿದುದು, ಇಷ್ಟೇ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಯಾರಾದರೂ ಓದನ್ನು ಅಥವಾ ಉದ್ಯೋಗವನ್ನು ನಡುವೆ ಬಿಟ್ಟು ಮನೆಯಲ್ಲಿದ್ದು, ಇನ್ನು ಕಾಲ ಮೀರಿತೆಂದು ಎಣಿಸಿದ್ದರೆ, ಆನಿಯು ವೇಧಶಾಲೆಯ ಕೆಲಸಕ್ಕೆ ಸೇರಿದುದು ಮೂವತ್ತೆರಡನೆಯ ವಯಸ್ಸಿನಲ್ಲಿ ಎಂಬುದನ್ನು ನೆನೆಯಿರಿ. ನಿಮಗೆ ಕಲಿಸಿದವರಿಗೆ ಒಂದು ಪತ್ರವನ್ನು ಬರೆಯಿರಿ. ತಂದೆತಾಯಿಗಳೇ, ಮಗಳ ವಿದ್ಯೆಯು ಕೆಲವು ವರ್ಷ ಮಡಿಕೆಯಲ್ಲಿದ್ದ ಮಾತ್ರಕ್ಕೆ ಅದು ಜೀರ್ಣವಾಯಿತೆಂದು ತಿಳಿಯದಿರಿ. ಅವಳು ಅದನ್ನು ಬಿಚ್ಚಲು ಬಯಸಿದ ದಿನ ಅಡ್ಡಿ ಮಾಡದೆ ಬೆಂಬಲವಾಗಿ ನಿಲ್ಲಿರಿ. ನಮ್ಮ ಪಾಠಶಾಲೆಯ ಬಾಗಿಲು ಅಂಥವರಿಗೆ ಯಾವಾಗಲೂ ತೆರೆದಿರುತ್ತದೆ.